ಅಡಿಕೆಗೆ ಪ್ಲಾಸ್ಟಿಕ್, ಮಗನಿಗೆ ಪಸೆಗೋಡೆ

ಕಳೆದ ವರ್ಷ ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಭಾನುವಾರ ಮಗನ ಕ್ರಿಕೆಟ್ ಚೆಂಡು ಕಪಾಟಿನ ಹಿಂದೆ ಹೋಯಿತು. ಕಬ್ಬಿಣದ ದೊಡ್ಡ ಕಪಾಟು ಅದು. ಮದುವೆಯಾದ ವರ್ಷ ತಂದದ್ದು. ನಾನು, ಇವರು, ಮಗ ಮೂವರೂ ಸೇರಿ ಎಳೆದೆವು. ಚೆಂಡು ಸಿಕ್ಕಿತು. ವಾರಕ್ಕೆ ಮೊದಲು ಕಳೆದುಹೋಗಿದ್ದ ಇನ್ನೊಂದು ಚೆಂಡೂ ಸಿಕ್ಕಿತು. ಅದಕ್ಕೆ ಬಿಳಿ ಗಡ್ಡ ಬಂದಿತ್ತು.

ಮಗ ನಕ್ಕ. ನಾನು ಗೋಡೆ ನೋಡಿದೆ.

ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ, ಕಪಾಟಿನ ಅಳತೆಗೆ ಸರಿಯಾಗಿ ಗೋಡೆ ಕಪ್ಪಾಗಿತ್ತು. ಹತ್ತಿರ ಹೋಗಿ ನೋಡಿದರೆ ಎಲ್ಲ ಒಂದೇ ಕಪ್ಪಲ್ಲ. ನೆಲದಿಂದ ಎರಡು ಗೇಣಿನವರೆಗೆ ಪೈಂಟು ಗುಳ್ಳೆ ಎದ್ದಿತ್ತು. ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯಿತು. ಒಳಗೆ ಬಿಳಿ ಪುಡಿ. ಅದರ ಮೇಲಿನ ಭಾಗದಲ್ಲಿ ಸಾಸಿವೆ ಗಾತ್ರದ ಚುಕ್ಕಿಗಳು. ನಡುವೆ ಕಡು ಹಸಿರು, ಅಂಚಿಗೆ ಬೂದು. ಕೆಲವು ಕಡೆ ಚುಕ್ಕಿಗೆ ಚುಕ್ಕಿ ಸೇರಿ ಅಂಗೈಯಗಲ ಆಗಿದ್ದವು. ಮುಟ್ಟಿದರೆ ವೆಲ್ವೆಟ್. ವಾಸನೆ ಮಾತ್ರ ಹೊಸದಲ್ಲ. ಜೂನ್‌ನಿಂದಲೂ ಆ ಕೋಣೆಗೆ ಆ ಮುಗ್ಗಲು ವಾಸನೆ ಇತ್ತು. ಮಳೆಗಾಲ ಅಂದರೆ ಹಾಗೇ ಅಲ್ವಾ ಅಂತ ನಾವೆಲ್ಲ ಮೂಗು ಮುಚ್ಚಿಕೊಂಡು ಸುಮ್ನಿದ್ದೆವು.

ಆಗ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಹಿಡಿಸೂಡಿ ತಂದು, ಫ್ಯಾನ್ ಹಾಕಿ, ಒಣ ಗೋಡೆ ಗುಡಿಸಿದ ಹಾಗೆ ಬರಬರ ಗುಡಿಸಿಬಿಟ್ಟೆ. ಗೋಡೆ ಅರ್ಧ ಗಂಟೆಯಲ್ಲಿ ಬೆಳ್ಳಗಾಯಿತು. ಅದರ ಮೇಲಿದ್ದುದೆಲ್ಲ ಕೋಣೆಯ ಗಾಳಿಗೆ ಬಂತು. ಆ ರಾತ್ರಿ ಎರಡು ಗಂಟೆಗೆ ಮಗ ಎದ್ದು ಕೂತ. ಎದೆಯೊಳಗೆ ಸುಂಯ್ ಸುಂಯ್. ಮಲಗಿದರೆ ಕೆಮ್ಮು, ಕೂತರೆ ಸ್ವಲ್ಪ ಆರಾಮ. ಬೆಳಗಿನವರೆಗೆ ಅವನನ್ನು ಒರಗಿಸಿಕೊಂಡು ಕೂತಿದ್ದೆ. ಹೊರಗೆ ಜಡಿಮಳೆ.

ಇವರು ಅದೇ ಕೋಣೆಯಲ್ಲಿ, ಪಕ್ಕದ ಮಂಚದಲ್ಲಿ. ಒಂದೇ ಗಾಳಿ. ಒಬ್ಬನಿಗೆ ಉಬ್ಬಸ, ಇನ್ನೊಬ್ಬರಿಗೆ ಗೊರಕೆ.

ಮರುದಿನ ಮಂಗಳೂರಿಗೆ ಹೋದೆವು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯ ನಮಗೆ ಆಸ್ಪತ್ರೆ ಅಂದರೆ ಇವತ್ತಿಗೂ ಗಡಿ ದಾಟಿ ಮಂಗಳೂರೇ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ಊದಿಸಿ ನೋಡಿದರು. ಆಮೇಲೆ ಕೇಳಿದ ಪ್ರಶ್ನೆ ನಾನು ಅಂದುಕೊಂಡದ್ದಲ್ಲ. ಐಸ್‌ಕ್ರೀಂ ತಿಂದನಾ, ಮಳೆಯಲ್ಲಿ ನೆನೆದನಾ ಅಂತ ಕೇಳಲಿಲ್ಲ.

"ಅವನು ಮಲಗುವ ಕೋಣೆಯ ಗೋಡೆ ಪಸೆ ಉಂಟಾ?" ಅಂದರು.

ಮೂರು ವರ್ಷದಿಂದ ಪ್ರತಿ ಮಳೆಗಾಲ ಇವನಿಗೆ ಶೀತ ಅಂತ ನಾವು ಕಷಾಯ ಕುಡಿಸುತ್ತಿದ್ದೆವು. ನವೆಂಬರ್‌ಗೆ ತಾನಾಗಿ ಕಡಿಮೆಯಾಗುತ್ತಿತ್ತು, ಕಷಾಯಕ್ಕೆ ಹೆಸರು ಬರುತ್ತಿತ್ತು. ಡಾಕ್ಟರು ಹೇಳಿದ್ದು ಇಷ್ಟು: ಬೂಷ್ಟು ಎಲ್ಲರಿಗೂ ಕಾಯಿಲೆ ತರುವುದಿಲ್ಲ. ಆದರೆ ಅಲರ್ಜಿ, ಅಸ್ತಮಾದ ಒಲವು ಇರುವ ಮಕ್ಕಳಿಗೆ ಅದರ ಬೀಜಕಣ ಮೂಗಿಗೆ ಹೋದರೆ ಸಾಕು, ಶ್ವಾಸನಾಳ ಬಿಗಿಯುತ್ತದೆ. ಇನ್‌ಹೇಲರ್ ಬರೆದುಕೊಟ್ಟರು. "ಇದರ ಕೆಲಸ ಇದು ಮಾಡುತ್ತದೆ. ಗೋಡೆಯ ಕೆಲಸ ನೀವು ಮಾಡಬೇಕು."

ಬರುವಾಗ ಬಸ್ಸಿನಲ್ಲಿ ಫೋನ್ ತೆಗೆದು ಗಾಳಿಯ ಗುಣಮಟ್ಟ ನೋಡಿದೆ. ನಮ್ಮ ಕಡೆ ಹಸಿರು, ತುಂಬಾ ಒಳ್ಳೆಯದು ಅಂತ ತೋರಿಸುತ್ತಿತ್ತು. ನಗು ಬಂತು. ನಮ್ಮ ದೇಶದ ಆ ಸೂಚ್ಯಂಕ ಲೆಕ್ಕ ಹಾಕುವುದು ಎಂಟು ಬಗೆಯ ಮಾಲಿನ್ಯವನ್ನು. ಸಣ್ಣ ಧೂಳು, ದೊಡ್ಡ ಧೂಳು, ಕಾರ್ಬನ್ ಮೊನಾಕ್ಸೈಡ್, ಓಝೋನ್, ಸೀಸ, ಹೀಗೆ. ಅದರಲ್ಲಿ ಬೂಷ್ಟಿಲ್ಲ. ಅದೂ ಹೊರಗಿನ ಗಾಳಿಯ ಲೆಕ್ಕ. ಜುಲೈಯಲ್ಲಿ ಮಳೆ ತೊಳೆದ ನಮ್ಮ ಹೊರಗಿನ ಗಾಳಿ ನಿಜಕ್ಕೂ ಚೆನ್ನಾಗಿಯೇ ಇರುತ್ತದೆ. ನಾವು ಇರುವುದು ಒಳಗೆ.

ನಮ್ಮ ಎಣ್ಮಕಜೆ ಕಡೆಯವರಿಗೆ ಗಾಳಿಯಲ್ಲಿ ಬರುವ ಕೆಟ್ಟದ್ದು ಅಂದರೆ ಮೇಲಿನಿಂದಲೇ ಬರಬೇಕು. ಗೇರು ತೋಟಕ್ಕೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟ ಊರು ಇದು. ಆ ಸದ್ದು ಕೇಳಿದರೆ ಬಾವಿ ಮುಚ್ಚಲು ಓಡುತ್ತಿದ್ದುದನ್ನು ಅತ್ತೆ ಈಗಲೂ ಹೇಳುತ್ತಾರೆ. ಹಾಗಾಗಿ ನಾವು ಆಕಾಶ ನೋಡುವವರು. ಕಪಾಟಿನ ಹಿಂದೆ ನೋಡುವ ಅಭ್ಯಾಸ ಇಲ್ಲ.

ಮನೆಗೆ ಬಂದು ಹೇಳಿದಾಗ ಮೊದಲ ಸಲಹೆ ಇವರದ್ದು. "ಕೊಳೆರೋಗದ ಮದ್ದು ಅರ್ಧ ಡ್ರಮ್ ಉಳಿದಿದೆ. ಗೋಡೆಗೆ ಬಿಡಲಾ?" ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು. ಅಡಿಕೆ ಕೃಷಿಕನ ತಲೆಯಲ್ಲಿ ಎಲ್ಲ ಬೂಷ್ಟಿಗೂ ಒಂದೇ ಉತ್ತರ. ತಮಾಷೆಗೆ ಹೇಳಿದರೋ ನಿಜಕ್ಕೋ ಈಗಲೂ ಗೊತ್ತಿಲ್ಲ.

ಆದರೆ ಆ ಮಾತಿನಿಂದ ನನಗೆ ಬೇರೆ ಒಂದು ಹೊಳೆಯಿತು. ಮಗನ ಕೋಣೆಯ ಪಕ್ಕದ್ದು ಅಡಿಕೆ ಇಡುವ ಕೋಣೆ. ಹೊಸ ಅಡಿಕೆಗೆ ರೇಟಿಲ್ಲ, ಡಬ್ಬಲ್ ಚೋಲ್ (ಹಳೆ ಅಡಿಕೆ) ಆಗಲಿ ಅಂತ ಇಪ್ಪತ್ತು ಗೋಣಿ ಕೂಡಿಟ್ಟಿದ್ದೇವೆ. ಅದಕ್ಕೆ ಎಷ್ಟು ಉಪಚಾರ ನೋಡಿ. ಗೋಣಿಯ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ. ಬಾಯಿಗೆ ಬಿಗಿಯಾದ ಕಟ್ಟು. ಕೆಳಗೆ ಮರದ ಹಲಗೆ. ಗೋಡೆಗೆ ತಾಗಬಾರದು ಅಂತ ಒಂದು ಮೊಳ ಜಾಗ. ಮೇ ತಿಂಗಳ ಕೊನೆಯ ಬಿಸಿಲಿಗೆ ಇನ್ನೊಮ್ಮೆ ಒಣಗಿಸಿ, ಒಡೆದು ನೋಡಿ, ಟಕ್ ಅಂತ ಸದ್ದು ಬಂದರೆ ಮಾತ್ರ ಒಳಗೆ. ಪಸೆ ತಾಗಿದರೆ ಉಳ್ಳಿಗಡ್ಡೆಯೋ ಕರಿಗೋಟೋ ಅಂತ ಬೇರೆ ಮಾಡುತ್ತಾರೆ, ರೇಟು ಬಿದ್ದುಹೋಗುತ್ತದೆ. ಬೂಷ್ಟು ಬಾರದಂತೆ ನೋಡಿಕೊಳ್ಳುವ ವಿದ್ಯೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೆ. ಅದನ್ನು ಗೋಡೆಯ ಈಚೆಗೆ ತರಲು ಯಾರಿಗೂ ತೋಚಲಿಲ್ಲ. ಈಚೆ ಬದಿಯಲ್ಲಿ ಮಗನ ಮಂಚ ಪಸೆಗೋಡೆಗೆ ಅಂಟಿಕೊಂಡೇ ಇತ್ತು.

ಆಗಸ್ಟ್‌ನಲ್ಲಿ ಸಣ್ಣದೊಂದು ಹೈಗ್ರೋಮೀಟರ್ ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಉಷ್ಣತೆ, ಗಾಳಿಯ ತೇವಾಂಶ ಎರಡನ್ನೂ ತೋರಿಸುತ್ತದೆ. ಒಳಗಿನ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿರಬೇಕು, ಆದರೆ 30ರಿಂದ 50ರ ಒಳಗಿದ್ದರೆ ಒಳ್ಳೆಯದು ಅಂತ ಅಮೆರಿಕದ ಪರಿಸರ ಇಲಾಖೆ ಹೇಳುತ್ತದೆ. ಮಗನ ಕೋಣೆಯಲ್ಲಿ ಮೊದಲ ದಿನ ತೋರಿಸಿದ್ದು 91. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರ ದೊಡ್ಡ ಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಇಲ್ಲಿ 50 ಅಂದರೆ ಜನವರಿಯ ಕನಸು. ಆದರೂ 91 ಮತ್ತು 75ಕ್ಕೆ ವ್ಯತ್ಯಾಸ ಇದೆ ಅಂತ ಆಮೇಲೆ ಗೊತ್ತಾಯಿತು.

ಆ ಯಂತ್ರ ಹಿಡಿದುಕೊಂಡು ಮನೆಯೆಲ್ಲ ಸುತ್ತಿದೆ. ಅತ್ತೆಗೆ ಅದು ಹೊಸ ಹುಚ್ಚು. ಕಿಟಕಿ ತೆರೆದರೆ ಒಣಗುತ್ತದೆ ಅಂತ ನಂಬಿದ್ದೆ. ಪೂರ್ತಿ ಸರಿಯಲ್ಲ. ಮಳೆ ನಿಂತು ಎರಡು ಗಂಟೆ ಮಧ್ಯಾಹ್ನ ಬೆಳಕು ಬಂದಾಗ ತೆರೆದರೆ ಸಂಖ್ಯೆ ಇಳಿಯುತ್ತಿತ್ತು. ರಾತ್ರಿ ತೆರೆದಿಟ್ಟರೆ ಏರುತ್ತಿತ್ತು, ಹೊರಗೇ 95 ಇರುವಾಗ ಒಳಗೆ ಬರುವುದೂ ಅದೇ ತಾನೇ. ಅಡುಗೆ ಮಾಡುವಾಗ, ಸ್ನಾನ ಆದ ಮೇಲೆ ಮಾತ್ರ ಮಳೆಯಿದ್ದರೂ ತೆರೆಯುವುದೇ ಲಾಭ.

ಆಮೇಲೆ ಬಟ್ಟೆ. ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗುವುದು ಮಗನ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗದಲ್ಲಿ. ಒಂದು ದಿನ ಹಿಂಡಿದ ಬಟ್ಟೆಯ ಬುಟ್ಟಿಯನ್ನು ಅಡಿಕೆ ತೂಗುವ ತಕ್ಕಡಿಗೆ ಇಟ್ಟೆ. 9 ಕಿಲೋ 400 ಗ್ರಾಂ. ಎರಡು ದಿನ ಬಿಟ್ಟು ಒಣಗಿದ್ದನ್ನು ಅದೇ ಬುಟ್ಟಿಯಲ್ಲಿ ತೂಗಿದರೆ 5 ಕಿಲೋ 900. ಮೂರೂವರೆ ಲೀಟರ್ ನೀರು. ಅದು ಎಲ್ಲಿ ಹೋಯಿತು? ಕಿಟಕಿ ಮುಚ್ಚಿತ್ತು. ಕಪಾಟಿನ ಹಿಂದೆ ಹೋಯಿತು, ಮಗನ ದಿಂಬಿಗೆ ಹೋಯಿತು.

ಈ ಲೆಕ್ಕ ಹಿಡಿದು ಗ್ಯಾಸಿನದ್ದೂ ಮಾಡಿದೆ. ಇದನ್ನು ಒಂಬತ್ತನೆಯ ಕ್ಲಾಸಿನವರಿಂದ ಬೋರ್ಡ್ ಮೇಲೆ ಮಾಡಿಸಿದ್ದೇನೆ. ಅಡುಗೆ ಗ್ಯಾಸು ಪ್ರೊಪೇನ್, ಬ್ಯೂಟೇನ್. ಉರಿದರೆ ಕಾರ್ಬನ್ ಡೈಆಕ್ಸೈಡ್ ಜೊತೆಗೆ ನೀರಾವಿಯೂ ಬರುತ್ತದೆ. ಒಂದು ಕಿಲೋ ಗ್ಯಾಸಿಗೆ ಸುಮಾರು 1.6 ಕಿಲೋ ನೀರು. 14.2 ಕಿಲೋದ ಸಿಲಿಂಡರ್ ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ 23 ಲೀಟರ್, ಅಂದರೆ ಎರಡು ಕೊಡ ನೀರನ್ನು ಅಡುಗೆಮನೆಯ ಗಾಳಿಗೆ ಸುರಿದ ಹಾಗೆ. ಅನ್ನ ಬೇಯುವ ಆವಿ ಇದಕ್ಕೆ ಸೇರಿಲ್ಲ. ಮಕ್ಕಳಿಗೆ ನಂಬಿಕೆ ಬರಲಿಲ್ಲ. ಒಬ್ಬಳು, "ಟೀಚರೇ, ಬೆಂಕಿಯಿಂದ ನೀರು ಬರುವುದು ಹೇಗೆ?" ಅಂದಳು. ಆ ಪೀರಿಯಡ್ ಚೆನ್ನಾಗಿ ಹೋಯಿತು.

ಹೊಗೆಯಾಡುವ ಸೌದೆ ಒಲೆ ಇದ್ದಾಗ ಈ ಬೂಷ್ಟು ಇರಲಿಲ್ಲ ಅಂತ ಅತ್ತೆಯ ವಾದ. ಅದು ಸುಳ್ಳಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಬಾಳಕ, ಹುಣಸೆ, ಬಿತ್ತನೆ ಬೀಜ ಎಲ್ಲ ಮಸಿ ಹಿಡಿದರೂ ಗರಿಗರಿ ಇರುತ್ತಿದ್ದವು. ಹಂಚಿನ ಸಂದಿಯಿಂದ ಹೊಗೆ ಹೊರಗೆ ಹೋಗುತ್ತಿತ್ತು, ಅದರ ಜೊತೆ ಪಸೆಯೂ. ಗೋಡೆಗೆ ಪ್ರತಿ ವರ್ಷ ಸುಣ್ಣ. ಸುಣ್ಣದಲ್ಲಿ ಕ್ಷಾರ ಜಾಸ್ತಿ, ಬೂಷ್ಟಿಗೆ ಅದು ಆಗುವುದಿಲ್ಲ. ಗೋಡೆ ಉಸಿರಾಡುತ್ತದೆ ಕೂಡ. ಈಗ ನಾವು ಮಾಡಿದ್ದೇನು? 2016ರಲ್ಲಿ ತಾರಸಿಯ ಹೊಸ ಕೋಣೆ ಕಟ್ಟಿದೆವು. ಸೊಳ್ಳೆಗೆ ಹೆದರಿ ಕಿಟಕಿ ಬಿಗಿ ಮಾಡಿದೆವು. ಎಸಿಗೆ ಅಂತ, ಇದ್ದ ಒಂದೆರಡು ಸಂದಿಯನ್ನೂ ಮುಚ್ಚಿದೆವು. ಗೋಡೆಗೆ ಪುಟ್ಟಿ, ಅದರ ಮೇಲೆ ಹೊಳೆಯುವ ಎಮಲ್ಷನ್.

ಆದರೆ ಅತ್ತೆಯ ವಾದವನ್ನು ಪೂರ್ತಿ ಒಪ್ಪಲು ನನಗಾಗುವುದಿಲ್ಲ. ಅದಕ್ಕೆ ಕಾರಣ ಅತ್ತೆಯೇ. ಜೀವಮಾನದಲ್ಲಿ ಒಂದು ಬೀಡಿ ಮುಟ್ಟದವರಿಗೆ ದಮ್ಮು. ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ನಲವತ್ತು ವರ್ಷ ಒಲೆ ಊದಿದ್ದು ಅಂತ ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದ್ದರು. ಅಟ್ಟದ ಬಾಳಕವನ್ನು ಕಾಪಾಡಿದ ಹೊಗೆಯೇ ಅತ್ತೆಯ ಎದೆಯಲ್ಲಿ ಕೂತಿದೆ. ಹಿಂದಿನ ಕಾಲ ಚೆನ್ನಾಗಿತ್ತು ಅಂತ ಬರೆಯುವ ಗಂಡಸರು ಒಮ್ಮೆ ಒಲೆಯ ಮುಂದೆ ಕೂತು ಬರಬೇಕು.

ಮಗನ ಸ್ನಾನದ ನಂತರದ ಸಾಂಬ್ರಾಣಿ, ಸಂಜೆಯ ಸೊಳ್ಳೆ ಕಾಯಿಲ್, ಎರಡೂ ಈಗ ಬಂದ್. ಕಾಯಿಲ್ ಬಿಟ್ಟದ್ದಕ್ಕೆ ಬೇಸರ ಯಾರಿಗೂ ಇಲ್ಲ. ಸಾಂಬ್ರಾಣಿಗೆ ಅತ್ತೆ ಎರಡು ದಿನ ಮಾತು ಬಿಟ್ಟರು.

ಈ ನಡುವೆ ಫೋನಿಗೆ ವೀಡಿಯೋಗಳ ಮಳೆ. ಕಪ್ಪು ಬೂಷ್ಟು ಅಂದರೆ ವಿಷ, ಮೆದುಳಿಗೆ ಹೋಗುತ್ತದೆ, ಮನೆ ಬಿಟ್ಟು ಓಡಿ ಅಂತ. ಅದರ ಮೂಲ ಹುಡುಕಿದರೆ 1990ರ ದಶಕದ ಅಮೆರಿಕಕ್ಕೆ ಹೋಗುತ್ತದೆ. ಕ್ಲೀವ್‌ಲ್ಯಾಂಡ್ ಊರಿನಲ್ಲಿ ಕೆಲವು ಶಿಶುಗಳ ಶ್ವಾಸಕೋಶದಲ್ಲಿ ರಕ್ತಸ್ರಾವ ಆಗಿತ್ತು. ಸ್ಟಾಕಿಬೊಟ್ರಿಸ್ ಎಂಬ ಕಪ್ಪು ಬೂಷ್ಟು ಕಾರಣ ಅಂತ ಮೊದಲು ಹೇಳಿದರು. 2000ದಲ್ಲಿ ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ ಮತ್ತೆ ಪರಿಶೀಲಿಸಿ, ಆ ಸಂಬಂಧ ಸಾಬೀತಾಗಿಲ್ಲ ಅಂತ ಬರೆಯಿತು. ಎರಡನೆಯದ್ದು ವೀಡಿಯೋಗಳಲ್ಲಿ ಬರುವುದಿಲ್ಲ. ಬಣ್ಣ ನೋಡಿ ಬೂಷ್ಟಿನ ಜಾತಿ ಹೇಳಲು ಆಗುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಹಸಿರಾಗಲಿ ಕಪ್ಪಾಗಲಿ ತೆಗೆಯಬೇಕು, ಪಸೆ ನಿಲ್ಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ಪಸೆ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ತಂದಿದೆ. ಅದರ ಒತ್ತೂ ಪಸೆಯ ಮೇಲೆ. ಇಂಥ ಜಾತಿಯ ಬೀಜಕಣ ಇಷ್ಟೇ ಇರಬಹುದು ಎಂಬ ಅಂಕಿ ಅಲ್ಲಿಲ್ಲ.

ಹಾಗಾದರೆ ನಮ್ಮ ಗೋಡೆಗೆ ಪಸೆ ಎಲ್ಲಿಂದ? ಒಳಗಿನ ಗಾಳಿಯಿಂದಲೋ, ಗೋಡೆಯ ಒಳಗಿನಿಂದಲೋ? ಇದನ್ನು ತಿಳಿಯಲು ಸುಲಭದ ಉಪಾಯ ಒಂದಿದೆ. ಅಡಿಕೆ ಗೋಣಿಯ ಪ್ಲಾಸ್ಟಿಕ್ಕನ್ನು ಒಂದು ಮೊಳ ಚೌಕ ಕತ್ತರಿಸಿ, ನಾಲ್ಕೂ ಬದಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿದೆ. ಎರಡು ದಿನ ಬಿಟ್ಟೆ. ಪ್ಲಾಸ್ಟಿಕ್ಕಿನ ಮೇಲೆ, ನಮ್ಮ ಬದಿಗೆ ನೀರು ಕೂತರೆ ಕೋಣೆಯ ಗಾಳಿಯದ್ದು. ಒಳಗೆ, ಗೋಡೆಯ ಬದಿಗೆ ಕೂತರೆ ಗೋಡೆಯದ್ದು. ಮೂಡು ಗೋಡೆಯ ಪ್ಲಾಸ್ಟಿಕ್ ಎರಡೂ ಬದಿ ಒಣ. ಪಡುಗೋಡೆಯದ್ದನ್ನು ಕಿತ್ತಾಗ ಒಳಬದಿಯಿಂದ ನೀರು ಸಾಲಾಗಿ ಇಳಿಯಿತು. ಪೈಂಟಿನ ಕೆಳಗಿದ್ದ ಬಿಳಿ ಪುಡಿಗೆ ಒಂದು ಹನಿ ನೀರು ಬಿಟ್ಟೆ. ಕರಗಿಹೋಯಿತು. ಅದು ಬೂಷ್ಟಲ್ಲ, ಗೋಡೆಯೊಳಗಿನ ನೀರು ಹೊತ್ತು ತಂದ ಉಪ್ಪು.

ಹೊರಗೆ ಹೋಗಿ ನೋಡಿದೆ. ಎಂಟು ವರ್ಷದಿಂದ ಆ ಬದಿಗೆ ಸರಿಯಾಗಿ ಹೋದದ್ದೇ ಇಲ್ಲ, ಹಲಸಿನ ಮರ, ಸೌದೆಯ ರಾಶಿ. ಬಾವಿ ಹೂಳೆತ್ತಿದ ಮಣ್ಣನ್ನು ಯಾರೋ ಗೋಡೆಗೇ ಒತ್ತಿ ಹಾಕಿದ್ದರು. ಯಾರೋ ಏನು, ನಾವೇ. ಮಣ್ಣು ಪಂಚಾಂಗ (ಅಡಿಪಾಯದ ಕಟ್ಟೆ) ದಾಟಿ ಒಂದು ಗೇಣು ಮೇಲೆ ಬಂದಿತ್ತು. ತಾರಸಿಯ ನೀರು ಪೈಪಿನಿಂದ ಬಿದ್ದು ಅದೇ ಮಣ್ಣಿಗೆ ಇಂಗುತ್ತಿತ್ತು. ಕೆಂಪುಕಲ್ಲಿನ ಗೋಡೆ, ತೂತುತೂತಿನ ಕಲ್ಲು ಅದು, ನೀರು ಕುಡಿಯದೆ ಇರುತ್ತದಾ? ಮೇಲಿನಿಂದ ನೈಋತ್ಯದ ಮಳೆ ನೇರ ಹೊಡೆಯುವುದೂ ಪಡುಗೋಡೆಗೇ. ಒಳಗೆ ಮೂರು ವರ್ಷಕ್ಕೆ ಎರಡು ಸಲ ಪೈಂಟ್ ಹೊಡೆಸಿದ್ದೆವು. ಕಳೆದ ಸಲ ಪೈಂಟಿನವನು ಡಬ್ಬಿ ತೋರಿಸಿ, "ಪೂಪ್ಪಲ್ ಇನಿ ವರಿಲ್ಲ ಟೀಚರೇ" ಅಂದಿದ್ದ. ಬೂಷ್ಟು ಇನ್ನು ಬರುವುದಿಲ್ಲವಂತೆ. ಹಸಿ ಗೋಡೆಯ ಮೇಲೆಯೇ ಬಳಿದು ಹೋದ. ಅವನನ್ನು ಬೈದು ಪ್ರಯೋಜನವಿಲ್ಲ. ಶಾಲೆ ಶುರುವಾಗುವ ಮೊದಲು ಮುಗಿಸು ಅಂತ ಅವಸರ ಮಾಡಿದವಳು ನಾನೇ.

ಅತ್ತೆ ಜಗಲಿಯಲ್ಲಿ ಕೂತೇ ಹೇಳಿದರು. "ಪಡುಗಡೆಗೆ ತಟ್ಟಿ ಕಟ್ಟದೆ ಮಳೆಗಾಲ ಎಂತದು ಮಾರಾಯ್ತಿ? ನಿಮ್ಮ ಮಾವ ಇರುವಾಗ ಮೇ ಮುಗಿಯುವ ಮೊದಲು ಕಟ್ಟಿಸುತ್ತಿದ್ದರು." ತೆಂಗಿನ ಮಡಲು ಹೆಣೆದ ತಟ್ಟಿ. ಮಣ್ಣಿನ ಗೋಡೆ ಕರಗಬಾರದು ಅಂತ ಕಟ್ಟುತ್ತಿದ್ದದ್ದು. ಕಲ್ಲಿನ ಗೋಡೆ, ಸಿಮೆಂಟ್ ಗಾರೆ ಬಂದ ಮೇಲೆ ಯಾಕೆ ಅಂತ ಬಿಟ್ಟೆವು. ಮನೆಗೆ ಚಂದ ಕಾಣುವುದಿಲ್ಲ ಅಂತಲೂ ಬಿಟ್ಟೆವು.

ಅಕ್ಟೋಬರ್‌ನಲ್ಲಿ ಮಳೆ ಕಡಿಮೆಯಾದ ಮೇಲೆ ಕೆಲಸ ಹಿಡಿದೆವು. ಇಬ್ಬರು ಆಳು ಎರಡು ದಿನ ಮಣ್ಣು ತೆಗೆದರು. ಗೋಡೆಯ ಉದ್ದಕ್ಕೆ ತೋಟದ ಕಣಿಯ ಹಾಗೆ ಒಂದು ಕಣಿ (ಚರಂಡಿ) ತೆಗೆಸಿ ಇಳಿಜಾರಿಗೆ ಬಿಟ್ಟೆವು. ತಾರಸಿಯ ಪೈಪಿಗೆ ಇವರು ಅಡಿಕೆ ಮರದ ದಂಬೆ (ನೀರು ಹರಿಸುವ ಸೀಳಿದ ಮರ) ಇಟ್ಟು ನೀರನ್ನು ಹಲಸಿನ ಬುಡ ದಾಟಿಸಿದರು. ಪಿವಿಸಿ ಹಾಕೋಣ ಅಂದರೆ, "ಒಂದು ವರ್ಷ ನೋಡುವ" ಅಂದರು. ಒಳಗೆ ಪುಟ್ಟಿ, ಎಮಲ್ಷನ್ ಎಲ್ಲ ಕೆರೆಸಿ ಗೋಡೆಯನ್ನು ಬರಿದೇ ಬಿಟ್ಟೆವು. ನವೆಂಬರ್‌ನಿಂದ ಫೆಬ್ರವರಿವರೆಗೆ ಕೋಣೆ ಹಾಗೇ ಬೆತ್ತಲೆ ಇತ್ತು. ಬಂದವರೆಲ್ಲ ಕೇಳಿದರು. ಮಾರ್ಚ್‌ನಲ್ಲಿ ಮತ್ತೆ ಪ್ಲಾಸ್ಟಿಕ್ ಅಂಟಿಸಿ, ಒಣ ಅಂತ ಖಾತ್ರಿಯಾದ ಮೇಲೆ ಸುಣ್ಣ ಬಳಿಸಿದೆವು.

ಕೆರೆಯುವಾಗ ಈ ಸಲ ಹಿಡಿಸೂಡಿ ಮುಟ್ಟಲಿಲ್ಲ. ಮಗನನ್ನು ಅಜ್ಜನ ಮನೆಗೆ ಕಳಿಸಿದ್ದೆ. ಫ್ಯಾನ್ ಬಂದ್, ಕಿಟಕಿ ತೆರೆದು, ಬಾಗಿಲು ಮುಚ್ಚಿ, ಎನ್95 ಮಾಸ್ಕ್ ಹಾಕಿಕೊಂಡು, ಮೊದಲು ಸೋಪಿನ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕೆರೆದದ್ದು. ಬ್ಲೀಚಿಂಗ್ ಹಾಕಿದರೆ ಸತ್ತುಹೋಗುತ್ತದಲ್ಲ ಅಂತ ಪಕ್ಕದ ಮನೆಯವರು ಕೇಳಿದರು. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಬರೀ ಸಾಯಿಸಿದರೆ ಸಾಲದು, ಅಲ್ಲಿಂದ ತೆಗೆಯಬೇಕು. ಹತ್ತಿಯ ದಿಂಬು, ಹಾಸಿಗೆಗೆ ವಾಸನೆ ಹಿಡಿದಿತ್ತು, ತೊಳೆಯಲು ಆಗದ್ದನ್ನು ಸುಟ್ಟೆವು. ಮದುವೆಯ ಆಲ್ಬಮ್ ಒಂದನ್ನು ಮಾತ್ರ ಬಿಸಿಲಿಗಿಟ್ಟು ಉಳಿಸಿಕೊಂಡೆ. ನಾಲ್ಕು ಫೋಟೋದಲ್ಲಿ ಇವರ ಮುಖಕ್ಕೆ ಚುಕ್ಕಿ ಬಿದ್ದಿದೆ.

ಈ ವರ್ಷ ಮೇ ಇಪ್ಪತ್ತರ ಹೊತ್ತಿಗೆ ತಟ್ಟಿ ಕಟ್ಟಿದೆವು. ಹೆಣೆಯುವವರು ಸಿಗಲಿಲ್ಲ. ಅತ್ತೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಮಗನಿಗೂ ನನಗೂ ಹೇಳಿಕೊಟ್ಟರು. ಮಡಲನ್ನು ನಡುವೆ ಸೀಳಿ, ಎರಡು ದಿನ ನೀರಿನಲ್ಲಿ ನೆನೆಸಿ, ಒಂದು ಗರಿ ಬಿಟ್ಟು ಒಂದರ ಕೆಳಗೆ ತೂರಿಸಬೇಕು. ನನ್ನ ತಟ್ಟಿಯನ್ನು ನೋಡಿ, "ಇದರಲ್ಲಿ ಮಳೆ ಬರುವುದಲ್ಲ, ದನವೇ ಬರಬಹುದು" ಅಂದರು. ಮಗನದ್ದು ಬಿಗಿಯಾಗಿತ್ತು.

ಬಟ್ಟೆ ಈಗ ಬಚ್ಚಲಿನ ಮಾಡಿನ ಕೆಳಗೆ ಒಣಗುತ್ತದೆ. ಬಚ್ಚಲೊಲೆಯ ಬಿಸಿ ಸಿಗುತ್ತದೆ, ಹೊಗೆಯ ವಾಸನೆಯೂ ಸಿಗುತ್ತದೆ, ಶಾಲೆಯಲ್ಲಿ ನನ್ನ ಸೀರೆ ಮೂಸಿದರೆ ನಮ್ಮ ಬಚ್ಚಲು ಗೊತ್ತಾಗುತ್ತದೆ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ತೇವ ಹೀರುವ ಯಂತ್ರದ ಬೆಲೆ ನೋಡಿ ಫೋನ್ ಕೆಳಗಿಟ್ಟೆ. ಹೈಗ್ರೋಮೀಟರ್ ಈ ಜುಲೈಯಲ್ಲಿ ಹೆಚ್ಚಿನ ದಿನ 74, 76 ತೋರಿಸಿತು. ಮೂರು ದಿನ ಬಿಡದೆ ಸುರಿದಾಗ 83. 60 ಒಂದು ದಿನವೂ ಬರಲಿಲ್ಲ. ಪಡುಗೋಡೆಯ ಮೂಲೆಯಲ್ಲಿ ನಾಣ್ಯದಗಲ ಒಂದು ಚುಕ್ಕಿ ಬಂತು, ಅದೇ ದಿನ ಒರೆಸಿದೆ. ಮಗ ಇನ್‌ಹೇಲರ್ ಬಿಟ್ಟಿಲ್ಲ. ರಾತ್ರಿ ಎದ್ದು ಕೂತದ್ದು ಈ ಮಳೆಗಾಲದಲ್ಲಿ ಎರಡು ಸಲ. ಕಳೆದ ವರ್ಷ ಲೆಕ್ಕ ಇಟ್ಟಿರಲಿಲ್ಲ.

ಕಪಾಟು ಈಗ ಗೋಡೆಯಿಂದ ಒಂದು ಗೇಣು ಈಚೆಗಿದೆ, ಗಾಳಿ ಆಡಲಿ ಅಂತ. ಪಕ್ಕದ ಕೋಣೆಯ ಅಡಿಕೆಗಿಂತ ಸ್ವಲ್ಪ ಕಡಿಮೆ ಜಾಗ, ಆದರೂ ಪರವಾಗಿಲ್ಲ. ಆ ಬೆಚ್ಚಗಿನ ಒಣ ಸಂದಿಯನ್ನು ನೋಡಿಟ್ಟುಕೊಂಡಿದ್ದ ನಮ್ಮ ಬೆಕ್ಕು ಮೊನ್ನೆ ಅಲ್ಲೇ ಮೂರು ಮರಿ ಹಾಕಿದೆ. ಮಗ ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಾನೆ. ಬೆಕ್ಕಿನ ವಿಷಯ ಡಾಕ್ಟರಿಗೆ ಇನ್ನೂ ಹೇಳಿಲ್ಲ.